ಮೂರು ಪೈನ್ ಮರ, ಒಂದು ವರದಿ

ಅಶ್ವಿನಿ ಎಂಬ ಹುಡುಗಿ ನಿಪ್ಪಾಣಿ ಭಾಗಕ್ಕೆ ಹೊಸ ಅರಣ್ಯ ರಕ್ಷಕಿಯಾಗಿ ಬಂದಾಗ ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮೊದಲ ವಾರವೇ ಅವಳು ಸಾಕ್ಸಿಗೆ ಅಂಟಿದ ಹುಲ್ಲಿನ ಮುಳ್ಳು ಕೀಳುತ್ತ ಕೇಳಿದಳು: "ಕಾಕಾ, ಪರೀಕ್ಷಾಕ್ಕ ಓದಿದ್ದು ಒಂದೂ ಇಲ್ಲಿ ಕಾಣವಲ್ದು. ಈ ಗಾರ್ಡ್ ನೌಕರಿ ಅಂದ್ರ ಖರೇ ಏನ್ರಿ?"

"ನಡಿಯೂದು, ನೋಡೂದು, ಬರಿಯೂದು" ಎಂದೆ. ಅವಳು ನಕ್ಕಳು. ಅವಳಿಗೆ ಕೊಟ್ಟ ಆ ಉತ್ತರ ಬಹಳ ಚಿಕ್ಕದಾಯಿತು ಎಂದು ಆಮೇಲೆ ಅನ್ನಿಸಿತು. ಅವಳಂಥ ಹೊಸಬರಿಗಾಗಿ ಅದನ್ನು ಇಲ್ಲಿ ಸ್ವಲ್ಪ ಉದ್ದ ಮಾಡಿ ಹೇಳುತ್ತಿದ್ದೇನೆ.

ನಡೆಯುವುದರಲ್ಲಿ ನಾನು ಹೆಚ್ಚು ತಪ್ಪು ಮಾಡಲಿಲ್ಲ. ನೋಡುವುದರಲ್ಲಿ ಮಾಡಿದೆ, ಬರೆಯುವುದರಲ್ಲಿ ಅದಕ್ಕಿಂತ ಹೆಚ್ಚು ಮಾಡಿದೆ. ಒಂದು ಪುಟದ ವರದಿ ಬರೆದು ಒಬ್ಬ ಹೆಣ್ಣುಮಗಳ ಕೆಲಸವನ್ನೂ ಹೆಸರನ್ನೂ ಕಳೆದೆ. ಅದೊಂದನ್ನು ಮುಚ್ಚಿಟ್ಟು ಉಳಿದ ಸಾಹಸಗಳನ್ನೆಲ್ಲ ಹೇಳಿದರೆ ಈ ಬರಹವೂ ಇನ್ನೊಂದು ಸುಳ್ಳು ವರದಿಯಾಗುತ್ತದೆ.

ನಾನು ಐನಾಪುರದವನು. ನಮ್ಮ ಕಡೆ ಕಣ್ಣು ಹಾಯಿಸಿದಷ್ಟು ದೂರ ಕಬ್ಬು, ಕರಿಮಣ್ಣು. ಗುಡ್ಡ ಎಂದರೆ ನಮಗೆ ಹೊಲದ ಬದುವೇ. ನೌಕರಿಯ ಆದೇಶ ಬಂದ ದಿನ ನಮ್ಮ ಸೋದರಮಾವ ಊರ ಕಟ್ಟೆಯ ಮೇಲೆ ಎಲ್ಲರ ಮುಂದೆ, "ಕಬ್ಬಿನಾಗ ಯಾವ ಹುಲಿ ಕಾಯಾಕ ಹೊಂಟೀಯೋ?" ಎಂದು ಕಾಡಿಸಿದರು. ಹುಲಿ ಎಲ್ಲಿಯೂ ಇರಲಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಆಗ ಕಾಡು ಎಂದರೆ ಹುಲ್ಲು ಬೆಳೆದ ಬೋಳುಗುಡ್ಡ, ಜಾಲಿ, ನಾವೇ ನೆಟ್ಟ ಬೇವು ಮತ್ತು ನೀಲಗಿರಿ. ಹುಲ್ಲುಗುಡ್ಡವನ್ನು ನಾವು ಪಾಳುಭೂಮಿ ಎಂದು ಬರೆಯುತ್ತಿದ್ದೆವು. ಕುರಿ ಮೇಯಿಸುವವರಿಗೆ ಅದೇ ಹೊಲ ಎಂಬುದು ಯಾವ ಕಾಗದದಲ್ಲೂ ಇರಲಿಲ್ಲ.

ನನ್ನ ಮೊದಲ ಪೋಸ್ಟಿಂಗ್ ನಿಪ್ಪಾಣಿಯ ಪಡುವಲ ಕಡೆಯ ಒಂದು ಗುಡ್ಡಕ್ಕೆ. ಅಲ್ಲಿ ಮಳೆ ಸ್ವಲ್ಪ ಹೆಚ್ಚು, ಘಟ್ಟದ ಕಡೆಯ ತಂಪು ಗಾಳಿಯೂ ಬರುತ್ತದೆ. ಆ ಗುಡ್ಡದ ಬಡಗಣ ಮಗ್ಗುಲಿನ ಒಂದು ತಗ್ಗಿನಲ್ಲಿ ಮೂರು ಮರಗಳಿದ್ದವು. ನಾನು ಹೋಗುವ ಹತ್ತು ವರ್ಷ ಮೊದಲು ಯಾರೋ ಒಬ್ಬ ಸಾಹೇಬರು ದೂರದೇಶದ ಸಮುದ್ರದಂಡೆಯ ಪೈನ್ ಮರದ ಬೀಜ ತರಿಸಿ, ಇಲ್ಲಿ ಹಿಡಿಯುತ್ತದೋ ನೋಡೋಣ ಎಂದು ಐವತ್ತರವತ್ತು ಸಸಿ ಹಾಕಿಸಿದ್ದರಂತೆ. ಉಳಿದದ್ದು ಮೂರು. ಸಾಹೇಬರು ವರ್ಗವಾಗಿ ಹೋದರು. ಅವರು ನೆಡಿಸಿದ ತಗಡಿನ ಫಲಕದ ಮೇಲಿನ ಹೆಸರು ತುಕ್ಕು ಹಿಡಿದು ಹೋಗಿತ್ತು.

ಊರವರು ಅದನ್ನು ಸುರು ಗಿಡ ಎನ್ನುತ್ತಿದ್ದರು. ಸುರು ಎಂದರೆ ಗಾಳಿಮರ. ಕೆರೆಯ ದಂಡೆಗೆ, ಶಾಲೆಯ ಅಂಗಳಕ್ಕೆ ನಾವು ಬೇಕಾದಷ್ಟು ನೆಟ್ಟದ್ದು. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ, ನಾನೂ ಮೊದಲ ತಿಂಗಳು ಹಾಗೇ ತಿಳಿದಿದ್ದೆ. ಹೊಸಬರು ಇದನ್ನು ನೆನಪಿಡಿ: ಸುರುವಿನ ಎಳೆಯನ್ನು ಎಳೆದರೆ ಗೆಣ್ಣು ಗೆಣ್ಣಾಗಿ ಬಿಡಿಸಿಕೊಂಡು ಬರುತ್ತದೆ, ಮತ್ತೆ ಸಿಕ್ಕಿಸಿದರೆ ಕೂತುಕೊಳ್ಳುತ್ತದೆ. ಪೈನಿನದು ಹಾಗಲ್ಲ. ಅದು ನಿಜವಾದ ಸೂಜಿ ಎಲೆ. ಈ ಮರದಲ್ಲಿ ಮೂರು ಮೂರು ಎಲೆ ಒಂದು ಬುಡದಿಂದ ಹುಟ್ಟುತ್ತವೆ. ತೊಗಟೆ ದಪ್ಪ, ಆಳವಾದ ಗೆರೆಗಳು. ಕಾಯಿಗಳು ಮಾತ್ರ ನನ್ನನ್ನು ಬಹಳ ಕಾಡಿದವು. ಒಂದೊಂದೂ ಮುಷ್ಟಿಯಷ್ಟು ದೊಡ್ಡದು, ಕೊಂಬೆಯ ಸುತ್ತ ಗುಂಪಾಗಿ ಕಚ್ಚಿಕೊಂಡಿರುತ್ತಿದ್ದವು. ಉದುರುತ್ತಿರಲಿಲ್ಲ, ಬಿಚ್ಚುತ್ತಲೂ ಇರಲಿಲ್ಲ. ಹೋದ ವರ್ಷದ್ದು ಕಂದು, ಅದಕ್ಕೂ ಹಿಂದಿನದು ಬೂದಿ ಬಣ್ಣ. ತೀರ ಹಳೆಯವನ್ನು ಕೊಂಬೆಯ ತೊಗಟೆಯೇ ಅರ್ಧ ನುಂಗಿತ್ತು. ಕಾಯಿಯ ಪಕಳೆಗಳ ಸಂದಿಗೆಲ್ಲ ರಾಳ ಮೆತ್ತಿ ಗಟ್ಟಿಯಾಗಿತ್ತು. ವಾರ್ಷಿಕ ವರದಿಯಲ್ಲಿ ನಾನು "ಕಾಯಿ ಬಿಡುತ್ತದೆ, ಪಕ್ವವಾಗುವುದಿಲ್ಲ" ಎಂದು ಬರೆದೆ. ಅದು ಈ ಮರದ ಬಗ್ಗೆ ನನ್ನ ಮೊದಲ ತಪ್ಪು.

ಆಗಿನ ನಮ್ಮ ರೇಂಜರ್ ಸಾಹೇಬರು ಬಯಲುಸೀಮೆಯ ಕಡೆಯವರು, ಬಹಳ ಶಿಸ್ತಿನ ಮನುಷ್ಯ. ಸಸಿ ಎಣಿಸಲು ಬಂದರೆ ಜೀಪಿನಿಂದ ಇಳಿಯುತ್ತಿರಲಿಲ್ಲ, ಆದರೆ ಆ ಮೂರು ಮರದ ಹತ್ತಿರ ಮಾತ್ರ ಇಳಿದು ತೊಗಟೆ ಮುಟ್ಟಿ ನೋಡುತ್ತಿದ್ದರು. "ನೋಡಪ್ಪಾ, ಇಡೀ ಜಿಲ್ಲೆಯಲ್ಲಿ ಇವು ಬೇರೆಲ್ಲೂ ಇಲ್ಲ. ಇವಕ್ಕೆ ಬೆಂಕಿ ತಾಗಿದರೆ ನಿನ್ನ ನೌಕರಿಗೂ ತಾಗುತ್ತದೆ" ಎಂದರು. ನಾನು ಹೊಸಬ. ಈ ಮಾತನ್ನು ಅಕ್ಷರಶಃ ತಲೆಯಲ್ಲಿಟ್ಟುಕೊಂಡೆ.

ಬೇಸಿಗೆಯಲ್ಲಿ ಆ ಮರಗಳಿಗೆ, ಸುತ್ತಲಿನ ಹೊಸ ಸಸಿಗಳಿಗೆ ನೀರು ಹಾಕಲು ಮೂವರು ದಿನಗೂಲಿ ಹೆಂಗಸರಿದ್ದರು. ಅವರಲ್ಲಿ ಶಾಂತವ್ವ ಒಬ್ಬಳು, ನನಗಿಂತ ಎರಡು ವರ್ಷ ದೊಡ್ಡವಳು. ಕೆಳಗಿನ ಬಾವಿಯಿಂದ ಕೊಡ ಹೊತ್ತು ಗುಡ್ಡ ಹತ್ತುತ್ತಿದ್ದಳು. ಅವಳ ಮಗಳು ಆಗ ಆರು ತಿಂಗಳ ಕೂಸು. ಎರಡು ಪೈನ್ ಮರಗಳ ನಡುವೆ ಹಳೆಯ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುತ್ತಿದ್ದಳು. ಗಾಳಿಗೆ ಆ ಸೂಜಿ ಎಲೆಗಳು ಸುಂಯ್ ಎನ್ನುತ್ತಿದ್ದವು, ಕೂಸು ಸುಮ್ಮನೆ ಮಲಗಿರುತ್ತಿತ್ತು. "ಈ ಗಿಡ ನನಗಿಂತ ಛಲೋ ಜೋಗುಳ ಹಾಡತೈತಿ ನೋಡ್ರಿ" ಎನ್ನುತ್ತಿದ್ದಳು.

ಮನೆಯಲ್ಲಿ ಅವಳ ಗಂಡನದು ಚುರಮರಿ ಭಟ್ಟಿ. ದೊಡ್ಡ ಕಡಾಯಿಯಲ್ಲಿ ಉಸುಕು ಕಾಸಿ ಅದರೊಳಗೆ ಅಕ್ಕಿ ಹಾಕಿ ಅರಳಿಸುವ ಕೆಲಸ. ಅದಕ್ಕೆ ಒಮ್ಮೆಲೇ ಭಗ್ಗನೆ ಏಳುವ ಉರಿ ಬೇಕು. ಪೈನಿನ ಒಣ ಸೂಜಿಗಳಲ್ಲಿ ರಾಳವಿರುವುದರಿಂದ ಅವು ಹಾಗೇ ಉರಿಯುತ್ತವೆ. ಇದನ್ನು ಕಂಡುಹಿಡಿದವಳು ಶಾಂತವ್ವ. ವಾರಕ್ಕೊಮ್ಮೆ ಸಂಜೆ ಕೆಲಸ ಮುಗಿದ ಮೇಲೆ ಮರದ ಬುಡವನ್ನೆಲ್ಲ ಮನೆಯ ಅಂಗಳದ ಹಾಗೆ ಗುಡಿಸಿ, ಒಂದು ಚೀಲ ತುಂಬಿ ಹೊತ್ತೊಯ್ಯುತ್ತಿದ್ದಳು. ನಾನು ಬರುವ ಮೊದಲೂ ಒಯ್ಯುತ್ತಿದ್ದಳಂತೆ.

ನನ್ನ ಎರಡನೆಯ ವರ್ಷ, ಮಾಘ ಮಾಸದಲ್ಲಿ, ಪುಸ್ತಕದಲ್ಲಿ ನಿಯಮ ಓದಿಕೊಂಡೆ. ಅರಣ್ಯದ ತರಗೆಲೆಯೂ ಅರಣ್ಯದ ಉತ್ಪನ್ನವೇ, ಅನುಮತಿ ಇಲ್ಲದೆ ಒಯ್ಯುವಂತಿಲ್ಲ. ಮರುದಿನವೇ ಅವಳ ಚೀಲ ಹಿಡಿದೆ.

"ಏ ಶಾಂತವ್ವ, ಇದು ಕಳವು ಆಗತೈತಿ, ಗೊತ್ತೈತೇನ?"

"ಕಸಾ ಗುಡಿಸಿದ್ರ ಕಳವೇನ್ರಿ ಸಾಹೇಬ್ರ?" ಎಂದು ಅವಳು ನಕ್ಕಳು. ನಾನು ನಗುತ್ತಿಲ್ಲ ಎಂದು ಕಂಡ ಮೇಲೆ ಚೀಲವನ್ನು ಅಲ್ಲೇ ಸುರುವಿ, ಖಾಲಿ ಚೀಲ ಝಾಡಿಸಿಕೊಂಡು ಹೋದಳು. ಮೂರು ತಿಂಗಳಲ್ಲಿ ಮರದ ಬುಡದಲ್ಲಿ ಸೂಜಿಗಳು ಗೇಣುದ್ದ ಬಿದ್ದವು. ಅದರ ಮೇಲೆ ನಡೆದರೆ ಗಾದಿಯ ಮೇಲೆ ನಡೆದ ಹಾಗಾಗುತ್ತಿತ್ತು. ನಿಯಮ ಪಾಲಿಸಿದೆ ಎಂದು ನನಗೆ ಬಹಳ ಹೆಮ್ಮೆ.

ಬೆಂಕಿ ಬಂದದ್ದು ವೈಶಾಖದ ಒಂದು ಮಧ್ಯಾಹ್ನ. ಕೆಳಗಿನ ಹುಲ್ಲಿನಿಂದ ಗಾಳಿಯ ಜೊತೆ ಓಡಿ ಬಂತು. ಹಸಿ ಟೊಂಗೆ ಹಿಡಿದು ಬಡಿಯಲು ನಾನು, ಆ ಮೂವರು ಹೆಂಗಸರು, ಇನ್ನಿಬ್ಬರು. ಹುಲ್ಲಿನ ಬೆಂಕಿ ದೊಡ್ಡದಲ್ಲ. ಬಂದಷ್ಟೇ ಬೇಗ ದಾಟಿ ಹೋಗುತ್ತದೆ. ಆದರೆ ಆ ಸೂಜಿಗಳ ಗಾದಿಗೆ ತಾಗಿದ್ದೇ ತಡ ಅದು ಹೋಗಲೇ ಇಲ್ಲ, ಅಲ್ಲೇ ಕೂತು ಉರಿಯಿತು. ಎರಡು ಮರ ತುದಿಯವರೆಗೆ ಹತ್ತಿದವು. ಮೂರನೆಯದರ ಒಂದು ಮಗ್ಗುಲು ಸುಟ್ಟಿತು, ಇನ್ನೊಂದು ಉಳಿಯಿತು. ಉರಿಯುವಾಗ ಮೇಲಿನಿಂದ ಚಟಚಟ ಸದ್ದು ಕೇಳಿದ ನೆನಪು. ಕೊಂಬೆ ಮುರಿಯುತ್ತಿವೆ ಎಂದುಕೊಂಡೆ. ಸುಟ್ಟ ಎರಡೂ ಮರಗಳು ಜೋಲಿ ಕಟ್ಟುತ್ತಿದ್ದ ಮರಗಳೇ. ಶಾಂತವ್ವ ಆ ದಿನ ಕೈ ಸುಟ್ಟುಕೊಂಡಿದ್ದಳು. ಮುಂಗೈಗೆ ಸೆರಗು ಸುತ್ತಿಕೊಂಡು ಅಳುತ್ತ ಕೂತಿದ್ದಳು.

ಮೂರು ದಿನದೊಳಗೆ ಕಾರಣ ಬರೆದು ಕೊಡು ಎಂದು ಸಾಹೇಬರು ಆದೇಶ ಮಾಡಿದರು. ನನಗೆ ಕಾರಣ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಬರೆದರೆ ನೌಕರಿಗೆ ತಾಗುತ್ತದೆ ಎಂಬ ಭಯ. ಕೂತು ಬರೆದೆ: "ಸದರಿ ಶಾಂತವ್ವ ಎಂಬ ದಿನಗೂಲಿ ಹೆಂಗಸು ಈ ಹಿಂದೆಯೂ ತರಗೆಲೆ ಕದಿಯುವಾಗ ಸಿಕ್ಕಿಬಿದ್ದಿದ್ದು, ಸದರಿ ಬೆಂಕಿ ಅವಳಿಂದಲೇ ಆಗಿರಬಹುದು." ಎರಡು ಸದರಿ ಹಾಕಿದ ವಾಕ್ಯ ಬರೆಯಲು ಬಂತಲ್ಲ ಎಂದು ಅದಕ್ಕೂ ಒಂದು ಖುಷಿ. ಮರುವಾರ ಅವಳ ಹೆಸರು ಹಾಜರಿ ಪುಸ್ತಕದಿಂದ ಹೋಯಿತು.

ಅವಳು ಒಂದೇ ಸಲ ನನ್ನ ಹತ್ತಿರ ಬಂದಳು. "ಸಾಹೇಬ್ರ, ನನ್ನ ಕೈ ನೋಡ್ರಿ. ಹಚ್ಚಿದಾಕಿ ಕೈ ಹಿಂಗ ಸುಡತೈತೇನ್ರಿ?" ಎಂದಳು. "ಮ್ಯಾಲಿಂದ ಆದೇಶ ಬಂದೈತಿ" ಎಂದೆ. ಕೆಳಗಿನಿಂದ ಹೋದದ್ದು ಏನೆಂದು ಹೇಳಲಿಲ್ಲ.

ಮೂರು ತಿಂಗಳ ನಂತರ ಲಕ್ಕಪ್ಪ ಎಂಬ ಕುರಿಗಾರ ಅಜ್ಜ ನನ್ನ ಜೊತೆ ಕೂತು ತಂಬಾಕು ತಿಕ್ಕುತ್ತ ಸಹಜವಾಗಿ ಹೇಳಿದ. ಅವರಲ್ಲಿ ಮಳೆಗೆ ಮೊದಲು ಒಣ ಹುಲ್ಲಿಗೆ ಬೆಂಕಿ ಕೊಡುವ ರೂಢಿ. ಸುಟ್ಟಲ್ಲಿ ಮೊದಲ ಮಳೆಗೆ ಎಳೆ ಹುಲ್ಲು ಬರುತ್ತದೆ, ಕುರಿಗೆ ಒಳ್ಳೆಯದು. "ಈ ವರ್ಷ ಗಾಳಿ ತಿರುಗಿಬಿಡ್ತು ನೋಡಪ್ಪ. ನಿಮ್ಮ ಗಿಡಕ್ಕ ಹತ್ತಿದ್ದು ಕಂಡು ನನಗೂ ಕೆಟ್ಟನಿಸ್ತು" ಎಂದ. ಅವನು ಮುಚ್ಚಿಡಲೂ ಇಲ್ಲ, ಅದೊಂದು ಅಪರಾಧ ಎಂದು ಅವನಿಗೆ ಅನ್ನಿಸಿಯೂ ಇರಲಿಲ್ಲ. ನಾನು ಕೇಳಿಸಿಕೊಂಡೆ, ಎದ್ದು ಬಂದೆ. ವರದಿ ಹೋಗಿ ಕಡತದಲ್ಲಿ ಕೂತಾಗಿತ್ತು. ಅದನ್ನು ಹೊರಗೆ ತೆಗೆದರೆ ನಾನು ಮೂರ್ಖನಾಗುತ್ತಿದ್ದೆ, ಹಾಗಾಗಿ ಸುಮ್ಮನಾದೆ. ನನ್ನ ನೌಕರಿಯಲ್ಲಿ ನಾಚಿಕೆಪಡುವಂಥದ್ದು ಬಹಳವಿದೆ, ಆದರೆ ಆ ಮೌನದಷ್ಟು ಯಾವುದೂ ಇಲ್ಲ.

ಆ ಮಳೆಗಾಲದಲ್ಲೇ ಸುಟ್ಟ ಜಾಗದಲ್ಲಿ ಅಕೇಶಿಯಾ ಹಾಕಲು ಹೇಳಿದರು. ಗುಂಡಿ ತೆಗೆಸಿದೆವು, ಸುತ್ತಲಿನ ಕಳೆ ಕೆತ್ತಿಸಿದೆವು. ಬೂದಿಯ ಮೇಲೆ ಸಬ್ಬಸಿಗೆಯಂಥ ಒಂದು ಸಣ್ಣ ಕಳೆ ದಟ್ಟವಾಗಿ ಎದ್ದಿತ್ತು. ಒಂದು ಕೆಲಸದವಳು, "ಇದ್ಯಾವ ಕಳೆರಿ, ಛಂದ ಐತಿ" ಎಂದಳು. "ಛಂದ ಇದ್ರೂ ಕಳೇನ, ಕೆತ್ತು" ಎಂದೆ. ನಾನೂ ಕುರ್ಪಿ ಹಿಡಿದು ಒಂದು ಸಾಲು ಕೆತ್ತಿದೆ.

ಅಲ್ಲಿಂದ ನನಗೆ ಅಥಣಿಗೆ ವರ್ಗವಾಯಿತು, ಆಮೇಲೆ ರಾಯಬಾಗ, ಆಮೇಲೆ ಸದಲಗಾ ಕಡೆಯ ನರ್ಸರಿ. ಸದಲಗಾದಲ್ಲಿ ಒಂದು ವರ್ಷ ದೂಧಗಂಗಾ ಉಕ್ಕಿ ನರ್ಸರಿಯ ಸಸಿ ಚೀಲಗಳೆಲ್ಲ ತೇಲಿಹೋದವು. ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ನೀರು ಇಳಿದ ಮೇಲೆ ಹಾಲು ಹಾಕುವ ಹೆಂಗಸರು ತಮ್ಮ ತಮ್ಮ ಹೊಲದಲ್ಲಿ ಸಿಕ್ಕ ಚೀಲಗಳನ್ನು ಡೈರಿಗೆ ಬರುವಾಗ ಎರಡು, ಮೂರು ಹಿಡಿದು ತಂದರು. "ನಿಮ್ಮ ಕೂಸುಗಳು ನಮ್ಮ ಮನಿಗಿ ಬಂದಿದ್ವು" ಎಂದು ಒಬ್ಬಾಕೆ ನಕ್ಕಳು. ಯಾರೂ ಹೇಳದೆ, ಯಾವ ಆದೇಶವೂ ಇಲ್ಲದೆ ಜನ ತಂದುಕೊಟ್ಟಾಗ ನನಗೆ ಶಾಂತವ್ವ ನೆನಪಾದಳು. ಅಷ್ಟರಲ್ಲಿ ಸತತ ಹಾಜರಿಯಿದ್ದ ದಿನಗೂಲಿಗಳನ್ನು ಕಾಯಂ ಮಾಡಿದ್ದರು. ಅವಳ ಜೊತೆ ನೀರು ಹೊತ್ತ ಇಬ್ಬರೂ ಕಾಯಂ ಆಗಿ ಸೀರೆಯ ಮೇಲೆ ಖಾಕಿ ಕೋಟು ಹಾಕಿಕೊಂಡು ಬರುತ್ತಿದ್ದರು.

ಕೊನೆಯ ಎರಡು ವರ್ಷಕ್ಕೆ ನಾನು ಮತ್ತೆ ನಿಪ್ಪಾಣಿಗೆ ಬಂದೆ. ಪದ್ಧತಿ ಎಲ್ಲ ಬದಲಾಗಿತ್ತು. ಮೊದಲು ಹೊಗೆ ನೋಡಲು ಗುಡ್ಡದ ತುದಿಯಲ್ಲಿ ನಿಲ್ಲುತ್ತಿದ್ದೆವು, ಈಗ ಮೊಬೈಲಿಗೇ ಬೆಂಕಿಯ ಸೂಚನೆ ಬರುತ್ತದೆ. ಅಶ್ವಿನಿಯನ್ನು ಕರೆದುಕೊಂಡು ಆ ತಗ್ಗಿಗೆ ಹೋದೆ. ಉಳಿದಿದ್ದ ಒಂದು ಪೈನ್ ಮರದ ತುದಿ ಒಣಗಿತ್ತು, ಕಾಂಡದಲ್ಲಿ ಹುಳ ಕೊರೆದ ಪುಡಿ ಕಾಣುತ್ತಿತ್ತು. ಉಳಿದ ಮಗ್ಗುಲಿನ ಕೊಂಬೆಗಳಲ್ಲಿ ಮಾತ್ರ ಆ ಮುಚ್ಚಿದ ಕಾಯಿಗಳು ಹಾಗೇ ಕೂತಿದ್ದವು.

"ಇದು ಬಂಜೆ ಗಿಡ. ಕಾಯಿ ಹಣ್ಣಾಗೂದಿಲ್ಲ" ಎಂದೆ.

ಅಶ್ವಿನಿ ಅರಣ್ಯಶಾಸ್ತ್ರ ಓದಿದ ಹುಡುಗಿ. ಕಾಯಿಯ ಸಂದಿಯ ರಾಳವನ್ನು ಉಗುರಿನಿಂದ ಕೆರೆದು ನೋಡಿ, "ಬಂಜೆ ಅಲ್ರಿ ಕಾಕಾ, ಇದು ಬೆಂಕಿ ಕಾಯೂ ಗಿಡ" ಎಂದಳು. ಆ ಸಮುದ್ರದಂಡೆಯ ಗುಡ್ಡಗಳಲ್ಲಿ ಕೆಲವು ದಶಕಕ್ಕೊಮ್ಮೆ ಬೆಂಕಿ ಬರುತ್ತದಂತೆ. ಆ ಮರ ವರ್ಷ ವರ್ಷದ ಬೀಜವನ್ನು ರಾಳ ಹಾಕಿ ಮುಚ್ಚಿ ಕೊಂಬೆಯ ಮೇಲೇ ಕಾಪಾಡಿಕೊಂಡಿರುತ್ತದೆ. ಬೆಂಕಿ ಬಂದರೆ ಶಾಖಕ್ಕೆ ರಾಳ ಕರಗಿ ಪಕಳೆ ಬಿಚ್ಚುತ್ತವೆ. ಬೀಜ ತಣ್ಣಗಾದ ಬೂದಿಯ ಮೇಲೆ ಬೀಳುತ್ತದೆ. ಅಲ್ಲಿ ಹುಲ್ಲಿಲ್ಲ, ನೆರಳಿಲ್ಲ. ಮೊದಲ ಮಳೆಗೆ ಸಸಿ ಏಳುತ್ತದೆ. ತಾಯಿಮರ ಸತ್ತರೂ ಅದರ ಮಕ್ಕಳಿಗೆ ಜಾಗ ಸಿಕ್ಕಿರುತ್ತದೆ. ಇದನ್ನು ಕೇಳುತ್ತ ನಾನು ಮರದ ಬುಡದಲ್ಲಿ ಕೂತುಬಿಟ್ಟೆ.

ಮರ ಮುಂದಿನ ಬೇಸಿಗೆ ಕಾಣುವಂತಿರಲಿಲ್ಲ. ಅದು ಹೋಗುವ ಮೊದಲು ಅದರ ಬೀಜ ತೆಗೆದು ಸಸಿ ಮಾಡಬೇಕು ಎಂದು ನನಗೆ ಹಟ ಹುಟ್ಟಿತು. ಏಣಿ ಹಾಕಿ ಒಂದು ಚೀಲ ಕಾಯಿ ಇಳಿಸಿದೆವು. ತಾರಸಿಯ ಬಿಸಿಲಿಗೆ ಹರವಿದರೆ ಅವು ಮಿಸುಕಲಿಲ್ಲ. ಸುತ್ತಿಗೆಯಿಂದ ಒಡೆದರೆ ಬೀಜವೂ ಜಜ್ಜಿಹೋಯಿತು. ಕುದಿಯುವ ನೀರಿನಲ್ಲಿ ಅದ್ದಿದರೆ ಅರ್ಧ ಬಿಚ್ಚಿ, ಆಮೇಲೆ ಬೂಸು ಹಿಡಿಯಿತು. "ಒಣ ಶಾಖ ಬೇಕ್ರಿ. ಅದೂ ಹದವಾಗಿ, ಎಲ್ಲಾ ಕಡೆಯಿಂದ" ಎಂದಳು ಅಶ್ವಿನಿ. ಎಲ್ಲಾ ಕಡೆಯಿಂದ ಹದವಾದ ಒಣ ಶಾಖ ಎಂದರೆ ನನಗೆ ಒಂದೇ ಜಾಗ ಗೊತ್ತಿತ್ತು. ಎರಡು ದಿನ ಏನೇನೋ ನೆಪ ಹೇಳಿದೆ, ಮೂರನೆಯ ದಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ.

ಶಾಂತವ್ವನ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಭಟ್ಟಿಯನ್ನು ಅವಳೇ ನಡೆಸುತ್ತಿದ್ದಳು, ಜೊತೆಗೆ ಮಗಳು ಸವಿತಾ. ಜೋಲಿಯ ಕೂಸು ಈಗ ಎರಡು ಮಕ್ಕಳ ತಾಯಿ. ಶಾಂತವ್ವ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

"ಬಸಾ ಸಾಹೇಬ್ರ" ಎಂದು ಮಣೆ ತೋರಿಸಿದಳು. ಕೂತ ಮೇಲೆ, "ಕಳ್ಳಿ ಮನಿಗಿ ಬಂದೀರಲ್ಲ, ಏನ್ ಕಳದೈತಿ?" ಎಂದಳು.

ಕಾಯಿಗಳನ್ನು ಮುಂದಿಟ್ಟು, "ಶಾಂತಕ್ಕ, ಅದs ಗಿಡದ್ದು. ಗಿಡಾ ಸಾಯಾಕತ್ತೈತ್ರಿ. ಇವು ಬಿಚ್ಚಿದ್ರ ಬೀಜ ಬರತಾವ. ನಿಮ್ಮ ಉಸುಕಿನಾಗ ಆದೀತೇನ್ರಿ?" ಎಂದೆ. ಅವಳು ಒಂದು ಕಾಯಿ ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದಳು. ಮೂಸಿ ನೋಡಿದಳು. ಅವಳ ಮುಂಗೈಯ ಮೇಲೆ ಆ ಹಳೆಯ ಸುಟ್ಟ ಕಲೆ ಇನ್ನೂ ಇತ್ತು.

ಮೊದಲ ಸಲ ಕೆಟ್ಟಿತು. ನನ್ನ ಅವಸರಕ್ಕೆ ಚುರಮರಿ ಅರಳುವ ಬಿಸಿಗೇ ಹಾಕಿಸಿದೆ. ಕಾಯಿಗಳು ಚೆನ್ನಾಗಿ ಬಿಚ್ಚಿದವು, ಬೀಜಗಳು ಹುರಿದ ಶೇಂಗಾದ ವಾಸನೆ ಹೊಡೆಯುತ್ತಿದ್ದವು. ಸವಿತಾ ಒಂದನ್ನು ಬಾಯಿಗೆ ಹಾಕಿಕೊಂಡು, "ರುಚಿ ಐತ್ರಿ" ಎಂದಳು. ನನಗೆ ನಗುವೂ ಬಂತು, ಅಳುವೂ ಬಂತು. ಚೀಲದಲ್ಲಿ ಅರ್ಧ ಕಾಯಿ ಮಾತ್ರ ಉಳಿದಿದ್ದವು.

"ಇನ್ನ ನೀವು ಸುಮ್ಮ ಕುಂದರ್ರಿ" ಎಂದಳು ಶಾಂತವ್ವ. ಒಲೆಯ ಬಾಯಿಯಿಂದ ಉರಿ ಹೊರಗೆ ಎಳೆದಳು. ಉಸುಕನ್ನು ಕೆದರಿ ಆರಲು ಬಿಟ್ಟಳು. ನಡುನಡುವೆ ನಾಲ್ಕು ಕಾಳು ಅಕ್ಕಿ ಎಸೆದು ನೋಡುತ್ತಿದ್ದಳು. ಮೊದಲು ಎಸೆದವು ಅರಳಿದವು. ಆಮೇಲಿನವು ಅರೆಬರೆ ಅರಳಿದವು. ಕೊನೆಗೆ ಎಸೆದವು ಅರಳದೆ ಸುಮ್ಮನೆ ಬೆಳ್ಳಗಾದವು. "ಅಕ್ಕಿ ಅರಳಬಾರ್ದು, ಬರೇ ಬೆವರಬೇಕು. ಜೀವ ಇದ್ದದ್ದಕ್ಕ ಇಷ್ಟ ಸಾಕು" ಎಂದು ಕಾಯಿಗಳನ್ನು ಉಸುಕಿನೊಳಗೆ ಹೂತು ಮೇಲೆ ಇನ್ನಷ್ಟು ಉಸುಕು ಎಳೆದಳು.

ಮೊದಲು ರಾಳದ ಘಮ ಬಂತು. ಆಮೇಲೆ ಉಸುಕಿನೊಳಗಿನಿಂದ ಚಟ್, ಚಟ್ ಎಂದು ಸದ್ದು. ಆ ಬೆಂಕಿಯ ಮಧ್ಯಾಹ್ನ ಮರದ ಮೇಲಿನಿಂದ ಕೇಳಿದ್ದು ಇದೇ ಸದ್ದು. ನಾಲ್ಕೈದು ನಿಮಿಷಕ್ಕೆ ಜರಡಿಯಿಂದ ಎತ್ತಿದಳು. ಕಲ್ಲಿನಂತಿದ್ದ ಕಾಯಿಗಳು ಪಕಳೆ ಪಕಳೆಯಾಗಿ ಎದ್ದು ನಿಂತಿದ್ದವು. ಮೊರಕ್ಕೆ ಬಡಿದರೆ ಕಪ್ಪು ಬೀಜಗಳು ಉದುರಿದವು. ಒಂದೊಂದಕ್ಕೂ ಮಳೆಹುಳದ ರೆಕ್ಕೆಯಂಥ ಒಂದು ತೆಳು ರೆಕ್ಕೆ. ಭಟ್ಟಿಯ ಬಿಸಿಗಾಳಿಗೆ ಕೆಲವು ತಿರುಗುತ್ತ ಮೇಲೆದ್ದವು. ಸವಿತಾ ಸೆರಗು ಒಡ್ಡಿ ಹಿಡಿದಳು. ಶಾಂತವ್ವ ನಕ್ಕಳು, ಇಪ್ಪತ್ತೆಂಟು ವರ್ಷದ ಹಿಂದೆ ಚೀಲ ಹಿಡಿದಾಗ ನಿಂತುಹೋದ ನಗು ಅದು.

ಬೀಜಗಳನ್ನು ನರ್ಸರಿಯ ತಟ್ಟೆಗಳಲ್ಲಿ ಊರಿದೆವು. ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಅಶ್ವಿನಿ ಫೋನ್ ಮಾಡಿ ಕರೆದಳು. ಹೋಗಿ ನೋಡಿದೆ. ಕೆಂಪು ದಂಟಿನ ಮೇಲೆ ಬೀಜದ ಟೊಪ್ಪಿಗೆ ಹೊತ್ತ ಕೆಲವು, ಟೊಪ್ಪಿಗೆ ಬಿದ್ದು ಹಸಿರು ಎಳೆಗಳನ್ನು ಸುತ್ತಲೂ ಬಿಚ್ಚಿದ ಕೆಲವು.

"ಎಷ್ಟ ಛಂದ ಅದಾವಲ್ರಿ ಕಾಕಾ, ಸಬ್ಬಸಗಿ ಇದ್ದಂಗ" ಎಂದಳು.

ಅವು ನಾನು ಹಿಂದೆ ನೋಡಿದ್ದ ಸಸಿಗಳೇ. ಬೂದಿಯ ಮೇಲೆ ದಟ್ಟವಾಗಿ ಎದ್ದಿದ್ದನ್ನು ಕಳೆ ಎಂದು ನನ್ನ ಕೈಯಿಂದಲೇ ಕೆತ್ತಿದ್ದೆ. ಆ ಎರಡು ಮರಗಳು ಸಾಯುವಾಗ ತಮ್ಮ ಮಕ್ಕಳನ್ನು ನಮ್ಮ ಕೈಗೆ ಕೊಟ್ಟು ಹೋಗಿದ್ದವು, ನಾವು ಅವನ್ನು ಗುಂಡಿಯ ಮಣ್ಣಿನಲ್ಲಿ ಮುಚ್ಚಿದ್ದೆವು. ತಟ್ಟೆಯ ಪಕ್ಕದಲ್ಲಿ ಕೂತು ಅತ್ತೆ. ಅಶ್ವಿನಿ ನೀರಿನ ಬಾಟಲಿ ತಂದಿಟ್ಟಳು. ಅವಳಿಗೆ ಎಲ್ಲವನ್ನೂ ಹೇಳಿದೆ: ಚೀಲ, ಸೂಜಿಗಳ ಗಾದಿ, ವರದಿ, ಲಕ್ಕಪ್ಪನ ಮಾತು.

ಎಲ್ಲ ಕೇಳಿ ಅವಳು ಒಂದೇ ಮಾತು ಕೇಳಿದಳು: "ಶಾಂತವ್ವನ ಕಡತದಾಗ ಈಗೂ ಹಂಗs ಐತೇನ್ರಿ?"

ಹೌದು, ಹಾಗೇ ಇತ್ತು. ಬರೆದವನು ನಾನು, ಬದಲಿಸಬೇಕಾದವನೂ ನಾನೇ ಎಂಬುದು ಆ ಮಾತಿನಿಂದಲೇ ನನಗೆ ಹೊಳೆದದ್ದು. ಇಪ್ಪತ್ತೆಂಟು ವರ್ಷ ಅದು ಹೊಳೆದಿರಲಿಲ್ಲ ಎಂದರೆ ನಾನು ಎಂಥವನು ನೋಡಿ. ಆ ವಾರ ಬರೆದೆ, ಸದರಿ ಇಲ್ಲದೆ. ಈಗಿನ ಸಾಹೇಬರು ಓದಿ ಕನ್ನಡಕ ತೆಗೆದರು. "ಹಳೆಯ ಕಡತ. ಯಾಕೆ ಕೆದಕುತ್ತೀರಿ? ನಾಲ್ಕು ತಿಂಗಳಲ್ಲಿ ನಿವೃತ್ತಿ, ನಿಮ್ಮ ಪಿಂಚಣಿಯ ಕಾಗದಕ್ಕೆ ಅಡ್ಡಿಯಾದೀತು" ಎಂದರು. ಕೆಟ್ಟ ಮನುಷ್ಯರಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದರು. ನಾನು ಎದುರಿಗೆ ನಿಂತೇ ಇದ್ದೆ. ಕೊನೆಗೆ ಮೊಹರು ಹಾಕಿ ಒಳಗೆ ತೆಗೆದುಕೊಂಡು ಒಂದು ಪ್ರತಿ ನನಗೆ ಕೊಟ್ಟರು. ಪಿಂಚಣಿ ತಡವಾಗಿ ಬಂತು, ಆದರೆ ಬಂತು.

ಹಳೆಯ ಮರ ಆ ಬೇಸಿಗೆಯಲ್ಲೇ ಹೋಯಿತು. ಅದೇ ತಗ್ಗಿನಲ್ಲಿ ಅಶ್ವಿನಿ ಗಾಳಿಯಿಲ್ಲದ ಒಂದು ಮುಂಜಾನೆ ಸಣ್ಣ ಜಾಗ ಅಳೆದು, ಸುತ್ತ ಹುಲ್ಲು ಕೆತ್ತಿಸಿ, ತಾನೇ ಬೆಂಕಿ ಹಚ್ಚಿ ತಾನೇ ಆರಿಸಿದಳು. ಆ ಬೂದಿಯಲ್ಲಿ ಹನ್ನೊಂದು ಸಸಿ ನೆಟ್ಟೆವು. ಈಗ ಒಂಬತ್ತು ಉಳಿದಿವೆ, ಮೊಣಕಾಲಿಗೆ ಬಂದಿವೆ. ಅವುಗಳ ಸುತ್ತ ಸೂಜಿ ಬಿದ್ದರೆ ಯಾರು ಬೇಕಾದರೂ ಗುಡಿಸಿಕೊಂಡು ಹೋಗಬಹುದು ಎಂದು ಅಶ್ವಿನಿ ಬರಹದಲ್ಲೇ ಅನುಮತಿ ಮಾಡಿಸಿದ್ದಾಳೆ.

ಮೊಹರು ಬಿದ್ದ ಆ ಪ್ರತಿಯನ್ನು ಹಿಡಿದು ಮರುದಿನವೇ ಭಟ್ಟಿಗೆ ಹೋಗಿದ್ದೆ. ಅದನ್ನು ಕೊನೆಗೆ ಹೇಳೋಣ ಎಂದು ಇಲ್ಲಿಯವರೆಗೆ ಉಳಿಸಿಕೊಂಡೆ. ಮಧ್ಯಾಹ್ನ, ಕೆಲಸದ ಹೊತ್ತು. ಶಾಂತವ್ವ ಕಡಾಯಿಯ ಮುಂದೆ, ಸವಿತಾ ಜರಡಿ ಹಿಡಿದು. "ಒಂದ್ ಕಾಗದ ಐತಿ ಶಾಂತಕ್ಕ, ಓದಿ ಹೇಳ್ತೀನಿ" ಎಂದೆ. ಅವಳಿಗೆ ಓದಲು ಬರುವುದಿಲ್ಲ.

ಓದಿದೆ. "ಇಪ್ಪತ್ತೆಂಟು ವರ್ಷದ ಹಿಂದೆ ನಾನು ಬರೆದ ವರದಿ ತಪ್ಪು. ಶಾಂತವ್ವನವರು ಕದ್ದಿಲ್ಲ. ಬೆಂಕಿ ಹಚ್ಚಿಲ್ಲ. ಬೆಂಕಿ ಹುಲ್ಲಿನಿಂದ ಬಂದದ್ದು ನನಗೆ ಮೂರೇ ತಿಂಗಳಲ್ಲಿ ಗೊತ್ತಾಗಿತ್ತು, ಗೊತ್ತಾದ ಮೇಲೂ ನಾನು ಹೇಳಲಿಲ್ಲ. ಅವರು ಬುಡ ಗುಡಿಸುತ್ತಿದ್ದಷ್ಟು ದಿನ ಆ ಮರಗಳು ಸುರಕ್ಷಿತವಾಗಿದ್ದವು. ಗುಡಿಸುವುದನ್ನು ನಿಲ್ಲಿಸಿದವನು ನಾನು."

ಸವಿತಾ ಜರಡಿ ಕೆಳಗಿಟ್ಟಳು. ಶಾಂತವ್ವನ ಕೈ ನಿಂತಿತ್ತು. ಕಡಾಯಿಯಲ್ಲಿದ್ದ ಅಷ್ಟೂ ಚುರಮರಿ ಕಂದಿಹೋಯಿತು, ಅವಳು ಅದರ ಕಡೆ ನೋಡಲಿಲ್ಲ.

"ನೌಕರಿ ತಿರುಗಿ ಬರಾಂಗಿಲ್ರಿ. ಅದನ್ನ ನನ್ನ ಕೈಲಿ ಕೊಡಾಕ ಆಗೂದಿಲ್ಲ" ಎಂದೆ.

"ಅಸೂ ದೇ, ಇರ್ಲಿ ಬಿಡ್ರಿ. ಅದು ಹೋತು" ಎಂದಳು. "ಇನ್ನೊಮ್ಮೆ ಓದ್ರಿ. ಸಾವಕಾಶ ಓದ್ರಿ."

ಇನ್ನೊಮ್ಮೆ ಓದಿದೆ, ನಿಧಾನವಾಗಿ. ಅವಳು ಪ್ರತಿ ವಾಕ್ಯಕ್ಕೂ ತಲೆಯಾಡಿಸಿದಳು. ಮುಗಿದ ಮೇಲೆ ಎದ್ದು, ಒಲೆಯ ಉರಿ ಎಳೆದು, ಬಾಗಿಲಿಗೆ ಹೋಗಿ ನಿಂತಳು. ಆ ಓಣಿಯಲ್ಲಿ ಅವಳನ್ನು ಇಷ್ಟು ವರ್ಷ ತಪ್ಪಲ ಕಳ್ಳಿ, ಎಲೆ ಕದ್ದವಳು, ಎಂದು ಕರೆದವರಿದ್ದರು. ಅವರ ಮನೆ ಯಾವುದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದೊಂದೇ ಮನೆಯ ಹೆಸರು ಹಿಡಿದು ಕರೆದಳು. "ಬರ್ರಿ ಇಲ್ಲೆ, ಸಾಹೇಬ್ರು ಓದಾಕತ್ತಾರ, ಕೇಳಿ ಹೋಗ್ರಿ." ಎಂಟು ಹತ್ತು ಜನ ಬಂದು ಬಾಗಿಲಲ್ಲಿ, ಕಟ್ಟೆಯ ಮೇಲೆ ನಿಂತರು. ಒಬ್ಬ ಮುದುಕಿ ಕಿವಿ ಕೇಳಿಸುವುದಿಲ್ಲ ಎಂದು ಎಲ್ಲರಿಗಿಂತ ಮುಂದೆ ಬಂದು ಕೂತಳು. ನಾನು ಕಾಗದವನ್ನು ಮತ್ತೆ ಬಿಡಿಸಿದೆ.

ಶಾಂತವ್ವ ಸೆರಗು ಸರಿಮಾಡಿಕೊಂಡು ಅಕ್ಕಿಯ ಚೀಲದ ಮೇಲೆ ನೆಟ್ಟಗೆ ಕೂತಳು.

"ಹಾಂ, ಈಗ ಓದ್ರಿ" ಎಂದಳು.